ಮುಂಜಾನೆ ಬಾಯಿ ತೆರೆದ ಮೀನುಗಳ ಬಗ್ಗೆ

ಜಲಕೃಷಿ ಉತ್ತೇಜನ ಕೋಶದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಹೋದ ವರ್ಷ ನಿಮ್ಮ ಕೋಶ ಹಂಚಿದ ‘ಸಸ್ಯಸತ್ವದಿಂದ ಮೀನಿನ ಸಮೃದ್ಧಿ’ ಎಂಬ ಕೈಪಿಡಿಯ ನಾಲ್ಕನೆಯ ಪುಟದಲ್ಲಿ ಒಂದು ಸಾಲಿದೆ: “ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುವುದು ಹಸಿವಿನ ಲಕ್ಷಣವಾಗಿದ್ದು, ಅಂತಹ ಸಂದರ್ಭದಲ್ಲಿ ಆಹಾರದ ಪ್ರಮಾಣವನ್ನು ಹೆಚ್ಚಿಸತಕ್ಕದ್ದು.” ಈ ಸಾಲನ್ನು ನಂಬಿ, ಇಳಕಲ್ ಊರಾಚೆಯ ಪಾಳುಬಿದ್ದ ಕಲ್ಲುಕ್ವಾರಿಯ ನೀರಿನಲ್ಲಿ ಮೀನು ಸಾಕಿದ್ದ ಅಹ್ಮದಸಾಬರು, ಉಸಿರು ಕಟ್ಟಿ ಒದ್ದಾಡುತ್ತಿದ್ದ ಮೀನುಗಳಿಗೆ ಎರಡು ಮುಂಜಾನೆ ಊಟ ಹಾಕಿದರು. ಮೂರನೆಯ ಮುಂಜಾನೆ ಮುಗಿಯುವಷ್ಟರಲ್ಲಿ ಉಣ್ಣಲು ಮೀನು ಉಳಿದಿರಲಿಲ್ಲ. ನಿಮ್ಮ ತನಿಖಾ ವರದಿ ಇದಕ್ಕೆ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆ: “ಕೈಪಿಡಿಯ ಸೂಚನೆಗಳನ್ನು ಸರಿಯಾಗಿ ಓದಿ ಅರ್ಥೈಸಿಕೊಳ್ಳದೆ ಫಲಾನುಭವಿಯು ತೋರಿದ ನಿರ್ಲಕ್ಷ್ಯ.” ನನ್ನ ದೂರು ಇಷ್ಟೇ. ಅಹ್ಮದಸಾಬರು ಸರಿಯಾಗಿ ಓದಿದ್ದರು. ಒಂದಕ್ಷರ ಬಿಡದೆ ಓದಿದ್ದರು. ಅವರು ಅಷ್ಟು ಸರಿಯಾಗಿ ಓದದೇ ಹೋಗಿದ್ದರೆ ಮೀನುಗಳು ಬದುಕಿಕೊಳ್ಳುತ್ತಿದ್ದವು.

ಇದನ್ನು ಹೇಳಲು ನೀನು ಯಾರು ಎಂದು ನೀವು ಕೇಳಬಹುದು. ಕೈಪಿಡಿಯ ಮುಖಪುಟ ನೋಡಿ. ತಲೆಯ ಮೇಲೆ ಸೆರಗು ಹೊದ್ದು, ಕಂಕುಳಲ್ಲಿ ಬುಟ್ಟಿ ಇಟ್ಟುಕೊಂಡು, ಹೊಂಡದ ದಂಡೆಯ ಮೇಲೆ ನಿಂತು ಹಲ್ಲು ಬಿಡುತ್ತಿರುವ ಹೆಂಗಸು ನಾನೇ. ಇಳಕಲ್ ಸೀರೆ ಉಟ್ಟು ಬನ್ನಿ ಎಂದು ನಿಮ್ಮ ಕಚೇರಿಯಿಂದಲೇ ಫೋನ್ ಬಂದಿತ್ತು. ಮೀನಿಗೆ ಕೂಳು ಹಾಕುವಾಗ ನಾನು ಉಡುವುದು ಅರಿಶಿನದ ಕಲೆ ಹತ್ತಿದ ಹಳೆಯ ಸೀರೆ. ಆದರೆ ಸರಕಾರದ ಕ್ಯಾಮೆರಾದ ಮುಂದೆ ಮೀನುಗಳಿಗೂ ಒಂದು ಮರ್ಯಾದೆ ಬೇಡವೇ ಎಂದುಕೊಂಡು ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ತೆಗೆದು ಉಟ್ಟೆ. ಫೋಟೊದ ಕೆಳಗೆ “ಪ್ರಗತಿಪರ ಮಹಿಳೆ ಶ್ರೀಮತಿ ಮಹೇಶ್ವರಿಯವರ ಅನುಭವದ ಆಧಾರದಲ್ಲಿ” ಎಂದು ಬರೆದಿದ್ದೀರಿ. ಹೀಗಾಗಿ ನಾಲ್ಕನೆಯ ಪುಟದ ಆ ಸಾಲು ನನ್ನ ಸಾಲು. ನಾನು ಹಾಗೆ ಹೇಳಿರಲಿಲ್ಲ ಎಂಬುದು ಬೇರೆ ಮಾತು, ಮತ್ತು ಆ ಬೇರೆ ಮಾತಿಗಾಗಿಯೇ ಈ ಪತ್ರ.

ಮರೋಳದ ಏತ ನೀರಾವರಿಯ ನೀರು ನಮ್ಮ ಹೊಲಕ್ಕೆ ಬಂದ ಮೇಲೆ ನನ್ನ ಯಜಮಾನರಾದ ಅಮಾತೆಪ್ಪನವರು ಒಂದು ಕೃಷಿ ಹೊಂಡ ತೋಡಿಸಿದರು. ನೀರು ಸುಮ್ಮನೆ ನಿಂತಿರುವುದನ್ನು ನೋಡಿ ನಿಮ್ಮ ಕೋಶದವರಿಗೆ ಸಹಿಸಲಾಗಲಿಲ್ಲ. ಒಂದು ಸಭೆಯಲ್ಲಿ ಪಕ್ಕದವರು ಕೈ ಎತ್ತಿದರೆಂದು ನಮ್ಮ ಯಜಮಾನರೂ ಎತ್ತಿದರು. ಎಂಟೇ ದಿನದಲ್ಲಿ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಸಾವಿರ ಮೀನುಮರಿ ಮನೆ ಬಾಗಿಲಿಗೆ ಬಂದು ಇಳಿದವು. ನಾವು ಲಿಂಗವಂತರು. ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನು ಕೂಡ ದನಿ ತಗ್ಗಿಸಿ ಆಡುತ್ತಾರೆ. ನಾನು ಆ ಚೀಲಗಳನ್ನು ನೋಡಿ ಒಳಗೆ ಹೋಗಿ ಕೂತುಬಿಟ್ಟೆ. “ಸಾಕೂದಷ್ಟ ನಮ್ಮ ಕೆಲಸ. ಹಿಡಿಯೂದು, ಮಾರೂದು ಅವರದು. ನೀ ಯಾಕ ತಲಿ ಕೆಡಿಸ್ಕೋತಿ?” ಎಂದು ಯಜಮಾನರು ಸಮಾಧಾನ ಹೇಳಿದರು. ಕೊಲ್ಲುವ ಕೆಲಸವನ್ನು ಬೇರೆಯವರಿಗೆ ವಹಿಸಿ ದಯೆಯನ್ನು ಮಾತ್ರ ನಾವಿಟ್ಟುಕೊಳ್ಳುವ ಈ ಏರ್ಪಾಡು, ಸ್ವಲ್ಪ ಹೊತ್ತು ಕೂತು ಯೋಚಿಸಿದ ಮೇಲೆ, ನನಗೂ ಅನುಕೂಲವಾಗಿಯೇ ಕಂಡಿತು.

ಆದರೆ ಮೀನಿನ ಆಹಾರವೆಂದು ನೀವು ಕೊಟ್ಟ ಚೀಲ ಬಿಚ್ಚಿದಾಗ ಒಣಮೀನಿನ ವಾಸನೆ ಹಿತ್ತಿಲ ತುಂಬ ಹರಡಿತು. “ಮೀನಿಗೆ ಮೀನನ್ನ ತಿನಸ್ತಾರೇನ್ರಿ?” ಎಂದು ಯಜಮಾನರನ್ನು ಕೇಳಿದೆ. “ಹಂಗ ಇರತೈತಂತ,” ಎಂದರು ಅವರು, ತಾವೂ ಮೂಗು ಮುಚ್ಚಿಕೊಂಡು. ಆ ಚೀಲಕ್ಕೆ ಕೈ ಹಾಕಲು ನನ್ನಿಂದ ಆಗಲಿಲ್ಲ. ಮರಿಗಳನ್ನು ಉಪವಾಸ ಕೆಡವಲೂ ಆಗಲಿಲ್ಲ. ಹಾಗಾಗಿ ದನಕ್ಕೆಂದು ತಂದಿದ್ದ ಶೇಂಗಾ ಹಿಂಡಿ ನೆನೆಸಿ, ಅದಕ್ಕೆ ತೌಡು ಕಲಸಿ, ಹಿತ್ತಿಲ ನುಗ್ಗೆಸೊಪ್ಪನ್ನು ರಾತ್ರಿಯೆಲ್ಲ ನೀರಲ್ಲಿಟ್ಟು ಆ ನೀರು ಚೆಲ್ಲಿ ಒಣಗಿಸಿ ಪುಡಿ ಮಾಡಿ, ಒಂದು ಮುಷ್ಟಿ ಮೆಂತ್ಯೆ, ಚಿಟಿಕೆ ಅರಿಶಿನ, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ ಉಂಡೆ ಕಟ್ಟಿದೆ. ಬಾಣಂತಿಗೆ ಒಗ್ಗುವುದು ಮೀನಿಗೆ ಒಗ್ಗದೇ ಇರುತ್ತದೆಯೇ ಎಂಬುದು ನನ್ನ ವಿಜ್ಞಾನ. ಅಷ್ಟೇ, ಅದಕ್ಕಿಂತ ಒಂದು ಗುಂಜಿಯಷ್ಟೂ ಹೆಚ್ಚಿಲ್ಲ. ನಿಮ್ಮ ಕೈಪಿಡಿ ಇದಕ್ಕೆ “ಸಸ್ಯಜನ್ಯ ಬೆಳವಣಿಗೆ ಪ್ರಚೋದಕ ಪೂರಕಾಂಶ ಮಿಶ್ರಣ” ಎಂದು ಹೆಸರಿಟ್ಟಾಗ ನಾನು ಎರಡು ಸಲ ಓದಿ, ಇದು ಯಾವ ಅಡುಗೆ ಎಂದು ಯಜಮಾನರನ್ನು ಕೇಳಿದ್ದೆ.

ಮೀನುಗಳು ಬೆಳೆದವು. ಸುತ್ತಲಿನ ಹೊಂಡಗಳ ಮೀನಿಗಿಂತ ಬೇಗ ಬೆಳೆದವು, ಹುಣ್ಣು ಹತ್ತಲಿಲ್ಲ, ಹುರುಪೆ ಮಿಂಚುತ್ತಿತ್ತು. ಇದನ್ನು ಮೊದಲು ಗುರುತಿಸಿದವರು ನಿಮ್ಮವರಲ್ಲ, ಅಹ್ಮದಸಾಬರು. ವರ್ಷಕ್ಕೊಮ್ಮೆ ಬಲೆ ಹಾಕಿ ಮೀನು ಹಿಡಿದು ಒಯ್ಯಲು ಬರುತ್ತಿದ್ದವರು ಅವರೇ. ಅವರು ಬರುವ ದಿನ ನಾನು ಮುಂಜಾನೆಯ ಬಸ್ಸಿಗೆ ಅಮೀನಗಡದ ತಂಗಿಯ ಮನೆಗೆ ಹೋಗಿ, ಸಂಜೆ ಮಕ್ಕಳಿಗೆ ಕರದಂಟು ಕಟ್ಟಿಸಿಕೊಂಡು ಬರುತ್ತಿದ್ದೆ. ನಾನು ಬರುವಷ್ಟರಲ್ಲಿ ದಂಡೆ ತೊಳೆದಿರುತ್ತಿದ್ದರು. ಒಂದು ಹುರುಪೆ ಕಣ್ಣಿಗೆ ಬೀಳುತ್ತಿರಲಿಲ್ಲ. ಐದು ವರ್ಷ ಮೀನು ಸಾಕಿದೆ, ಮಾನ್ಯರೇ, ಒಂದೇ ಒಂದು ಮೀನು ಸಾಯುವುದನ್ನು ನಾನು ನೋಡಿರಲಿಲ್ಲ. ಈ ಮಾತನ್ನು ನಾನು ಹಿಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ನಿಮ್ಮವರ ಮುಂದೆಯೂ ಹೇಳಿದ್ದೆ.

ಸೋಮವಾರ ನನಗೆ ಒಪ್ಪತ್ತು. ಆ ದಿನ ಮೀನಿಗೂ ನಾನು ಕೂಳು ಹಾಕುತ್ತಿರಲಿಲ್ಲ. ಒಮ್ಮೆ ಬಲೆಯಿಲ್ಲದೆ ಸುಮ್ಮನೆ ಮೀನು ನೋಡಲು ಬಂದಾಗ ಇದನ್ನು ಕೇಳಿ ಅಹ್ಮದಸಾಬರು, “ಹಂಗಾರ ನಿಮ್ಮ ಮೀನಿಗೂ ರೋಜಾ ಐತೇನ್ರಿ ಅಕ್ಕೋರ?” ಎಂದು ನಕ್ಕಿದ್ದರು. ಆಮೇಲೆ ಬಗ್ಗಿ ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸಿ, “ಅದಕ್ಕ ನೀರು ನಾರಾಂಗಿಲ್ಲ ನೋಡ್ರಿ. ತಿಂದದ್ದು ಕರಗಾಕ ಒಂದು ದಿನ ಸಿಗತೈತಿ,” ಎಂದಿದ್ದರು. ಅವರಿಗೆ ಅಷ್ಟು ತಿಳಿದಿತ್ತು. ಬೊಗಸೆ ನೀರು ಮೂಸಿ ಹೇಳುವಷ್ಟು ತಿಳಿದಿದ್ದ ಮನುಷ್ಯನ ಬಗ್ಗೆ ನಿಮ್ಮ ವರದಿ “ನಿರ್ಲಕ್ಷ್ಯ” ಎಂಬ ಶಬ್ದ ಬಳಸುತ್ತದೆ. ಆ ಶಬ್ದ ಬರೆದವರು ಎಂದಾದರೂ ಕೆರೆಗೆ ಕೈ ಅದ್ದಿದ್ದಾರೆಯೇ?

ನಿಮ್ಮ ಕೋಶದಿಂದ ಬಂದ ತರುಣ ಅಧಿಕಾರಿ ಮೂರು ದಿನ ನಮ್ಮಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡರು. ಒಳ್ಳೆಯ ಹುಡುಗನೇ, ನಮ್ಮ ಮನೆಯ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಹೊಗಳಿ ಉಂಡರು. ನಾನು ಸೋಮವಾರದ ಮಾತು ಹೇಳಿದಾಗ ಪೆನ್ನು ನಿಲ್ಲಿಸಿ, “ಮೇಡಂ, ಮೀನಿಗೆ ಸೋಮವಾರ ಯಾವುದು ಅಂತ ಹೇಗೆ ಗೊತ್ತಾಗುತ್ತೆ?” ಎಂದು ನಕ್ಕರು. ನಾವೂ ನಕ್ಕೆವು. ಕೈಪಿಡಿಯಲ್ಲಿ ಸೋಮವಾರ ಬರಲಿಲ್ಲ. ಅದು ಮೂಢನಂಬಿಕೆಯ ಪಟ್ಟಿಗೆ ಹೋಯಿತು, ಮತ್ತು ನುಗ್ಗೆಸೊಪ್ಪು ನೆನೆಸಿದ ನೀರು ಚೆಲ್ಲುವ ಮಾತೂ ಅದರ ಬೆನ್ನು ಹತ್ತಿ ಹೋಯಿತು. ಬದಲಿಗೆ “ಈ ಮಿಶ್ರಣವು ಸಂಪೂರ್ಣ ಸಸ್ಯಜನ್ಯವಾಗಿರುವುದರಿಂದ ಹೆಚ್ಚಿನ ಪ್ರಮಾಣದಲ್ಲಿ ನೀಡಿದರೂ ಯಾವುದೇ ಹಾನಿಯಿಲ್ಲ” ಎಂಬ ಹೊಸ ವಾಕ್ಯ ಬಂತು. ಇದನ್ನು ಯಾರು ಸೇರಿಸಿದರು? ನಾನಂತೂ ಸೇರಿಸಲಿಲ್ಲ. ಸಸ್ಯದಿಂದ ಬಂದದ್ದು ಹಾನಿ ಮಾಡುವುದಿಲ್ಲ ಎಂದು ನಂಬುವವರು ಒಮ್ಮೆ ನಮ್ಮ ಹೊಲದ ಬದುವಿನ ಮೇಲೆ ನಿಂತಿರುವ ಉಮ್ಮತ್ತಿ ಗಿಡದ ಕಾಯಿ ತಿಂದು ನೋಡಬಹುದು. ಅದೂ ಸಂಪೂರ್ಣ ಸಸ್ಯಜನ್ಯವೇ.

ಇನ್ನು ಆ ಸಾಲು. ನಾನು ಹೇಳಿದ್ದು ಹೀಗೆ: “ಸಂಜೀ ಮುಂದ ನಾ ಬುಟ್ಟಿ ತಗೊಂಡು ಹೋದ್ನಿ ಅಂದ್ರ, ನನ್ನ ನೋಡಿ ಎಲ್ಲಾ ಮ್ಯಾಲೆ ಬಂದು ಬಾಯಿ ತೆಗೀತಾವ್ರಿ. ಹಸದಿರತಾವ ಪಾಪ.” ಬುಟ್ಟಿ, ಸಂಜೆ, ನಾನು ಮೂವರೂ ಸೇರಿದಾಗ ನಡೆಯುವ ಮಾತು ಅದು. ನಿಮ್ಮ ಕಚೇರಿಯಲ್ಲಿ ಸಂಜೆ ಬಿದ್ದುಹೋಯಿತು, ಬುಟ್ಟಿ ಬಿದ್ದುಹೋಯಿತು, ನಾನು ಬಿದ್ದುಹೋದೆ. ಬಾಯಿ ಮಾತ್ರ ಉಳಿಯಿತು. ಅಚ್ಚಿಗೆ ಹೋಗುವ ಮೊದಲು ಕರಡು ಪ್ರತಿಯನ್ನು ನನ್ನ ಹತ್ತಿರ ಕಳಿಸಿದ್ದಿರಿ. ಅದನ್ನು ನಾನು ಒಪ್ಪಿಕೊಳ್ಳಲೇಬೇಕು. ಮೂವತ್ತೊಂದು ವರ್ಷ ಹುನಗುಂದ ತಾಲ್ಲೂಕಿನ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಕೆಂಪು ಪೆನ್ನು ಹಿಡಿದೇ ಕೂತೆ. “ಸಮೃದ್ಧಿ”ಯ ಒತ್ತು ತಿದ್ದಿದೆ. ನನ್ನ ಹೆಸರಿನ ಹಿಂದೆ “ಶ್ರೀಮತಿ” ಬಿಟ್ಟುಹೋಗಿದ್ದನ್ನು ಸೇರಿಸಿದೆ. ನಾಲ್ಕನೆಯ ಪುಟದ ಆ ಸಾಲಿಗೆ ಬಂದಾಗ ಓದಿದೆ, ಸರಿ ಎನ್ನಿಸಿತು, ಮುಂದೆ ಹೋದೆ. ಮೀನು ಬೇರೆ ಯಾವ ಕಾರಣಕ್ಕಾದರೂ ಬಾಯಿ ತೆರೆಯಬಹುದು ಎಂಬುದು ನನಗೆ ಗೊತ್ತೇ ಇರಲಿಲ್ಲ. ಎಲ್ಲಿಂದ ಗೊತ್ತಾಗಬೇಕು? ಸಾವು ಇರುವ ದಿನವೆಲ್ಲ ನಾನು ಅಮೀನಗಡಕ್ಕೆ ಹೋಗಿಬಿಡುತ್ತಿದ್ದೆ.

ಅಹ್ಮದಸಾಬರ ವಿಷಯ ಹೇಳಬೇಕು. ಅವರು ಹುಟ್ಟಾ ಮೀನುಗಾರರಲ್ಲ. ಇಳಕಲ್ಲಿನ ಕೆಂಪು ಕಲ್ಲು ಒಡೆಯುವ ಕ್ವಾರಿಗಳಲ್ಲಿ ಉಳಿ ಸುತ್ತಿಗೆ ಹಿಡಿದು ಬೆಳೆದವರು. ಕಲ್ಲು ತೀರಿದ ಮೇಲೆ ಕ್ವಾರಿಯಲ್ಲಿ ಊಟೆ ನೀರು, ಮಳೆ ನೀರು ಸೇರಿ ನಾಲ್ಕಾಳು ಆಳ ನಿಂತಿತು. ಆಗ ಕಲ್ಲು ಬಿಟ್ಟು ಬಲೆ ಹಿಡಿದರು. ಸಾಕ್ಷರತಾ ಆಂದೋಲನದ ಕಾಲದಲ್ಲಿ ಕ್ವಾರಿಯ ಕೂಲಿಕಾರರಿಗೆ ಸಂಜೆ ಪಾಠ ಹೇಳಲು ನನ್ನನ್ನು ಹಾಕಿದ್ದರು. ಇಪ್ಪತ್ತೆರಡು ಜನರಲ್ಲಿ ಕೊನೆಯವರೆಗೆ ಬಂದವರು ಐವರು, ಅವರಲ್ಲಿ ಒಬ್ಬರು ಅಹ್ಮದಸಾಬ. ಸೀಮೆಸುಣ್ಣವನ್ನು ಉಳಿಯ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಬೆರಳಿನಿಂದ ಹಿಡಿಸಲು ನನಗೆ ಒಂದು ತಿಂಗಳು ಹಿಡಿಯಿತು. ಅವರು ಮೊದಲ ಸಲ ತಮ್ಮ ಹೆಸರು ಬರೆದ ಸಂಜೆ, ಹಲಗೆಯನ್ನು ಒರೆಸಲು ಬಿಡದೆ ಮನೆಗೆ ಒಯ್ದು ಹೆಂಡತಿ ದೌಲತಬಿಗೆ ತೋರಿಸಿ ಮರುದಿನ ತಂದುಕೊಟ್ಟರು. “ಬರದದ್ದು ಎಂದೂ ಸುಳ್ಳ ಹೇಳಾಂಗಿಲ್ಲ, ಬಾಯಿಲೆ ಆಡಿದ್ದು ಹೇಳತೈತಿ,” ಎಂದು ಆಗ ನಾನೇ ಅವರಿಗೆ ಹೇಳಿದ್ದೆ. ಗುತ್ತಿಗೆದಾರರು ಬಾಯಿಮಾತಿನಲ್ಲಿ ಮೋಸ ಮಾಡುತ್ತಿದ್ದ ಕಾಲ, ಕೂಲಿಕಾರರು ಓದಲು ಕಲಿಯಲಿ ಎಂಬ ಆಸೆಗೆ ಹೇಳಿದ ಮಾತು. ಅವರು ಅದನ್ನು ಇಪ್ಪತ್ತೆಂಟು ವರ್ಷ ನಂಬಿಕೊಂಡು ಬಂದರು.

ಕೈಪಿಡಿ ಹೊರಬಂದಾಗ ಅವರಿಗಾದಷ್ಟು ಸಂತೋಷ ನನಗೂ ಆಗಿರಲಿಲ್ಲ. ನನ್ನ ಫೋಟೊ ಇದ್ದ ಪ್ರತಿಯನ್ನು ಕ್ವಾರಿಯ ಪಂಪಿನ ಕೋಣೆಯ ಗೋಡೆಗೆ ಅಂಟಿಸಿದರು. ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡರು. ನುಗ್ಗೆ, ಮೆಂತ್ಯೆ, ಬೆಳ್ಳುಳ್ಳಿ ಎಲ್ಲವನ್ನೂ ಪುಟದಲ್ಲಿದ್ದ ತೂಕಕ್ಕೆ ಸರಿಯಾಗಿ ತೂಗಿ ಕಲಸಿದರು. ಸೋಮವಾರವೂ ಹಾಕಿದರು. “ನಮ್ಮಲ್ಲೆ ನೀವು ಸೋಮವಾರ ನೋಡಿದ್ರಲ್ಲ?” ಎಂದು ನಾನು ಕೇಳಿದ್ದಕ್ಕೆ, “ಸರಕಾರದವರು ನಿಮ್ಮನ್ನ ಕೇಳೇ ಬರದಿರಬೇಕಲ್ರಿ ಅಕ್ಕೋರ. ಇದರಾಗ ದಿನಾ ಅಂತ ಐತಿ,” ಎಂದರು. ನಾನು ಹೂಂ ಎಂದೆ. ಸರಕಾರ ನನ್ನನ್ನು ಕೇಳಿ ಬರೆದಿದೆ ಎಂಬ ಮಾತು ಕಿವಿಗೆ ಹಿತವಾಗಿತ್ತು.

ಹೋದ ಶ್ರಾವಣದ ಮೊದಲ ವಾರ ಐದು ದಿನ ಬಿಸಿಲೇ ಬೀಳಲಿಲ್ಲ. ಮೋಡ ಕವಿದು, ಮಳೆಯೂ ಇಲ್ಲ, ಗಾಳಿಯೂ ಇಲ್ಲ. ನಮ್ಮ ಹೊಂಡಕ್ಕೆ ಕಾಲುವೆಯ ಹೊಸ ನೀರು ಬೀಳುತ್ತದೆ, ಬಯಲು ಗಾಳಿ ಆಡುತ್ತದೆ. ಕ್ವಾರಿ ಹಾಗಲ್ಲ. ನಾಲ್ಕೂ ಕಡೆ ಕೊಯ್ದ ಕಲ್ಲಿನ ಗೋಡೆ, ನಡುವೆ ಅಲ್ಲಾಡದ ನೀರು, ತಳದಲ್ಲಿ ತಿಂಗಳುಗಟ್ಟಲೆ ತಿನ್ನದೆ ಉಳಿದು ಕೊಳೆತು ನೀರಿನ ಉಸಿರು ಹೀರುತ್ತಿದ್ದ ನನ್ನ ಉಂಡೆಗಳು. ಇದೆಲ್ಲ ಈಗ ಗೊತ್ತಾಗಿದೆ. ಅಂದು ಗುರುವಾರ ಮುಂಜಾನೆ ಆರು ಗಂಟೆಗೆ ಅಹ್ಮದಸಾಬರ ಫೋನ್ ಬಂದಾಗ ನಾನು ಒಲೆಯ ಮುಂದೆ ಇದ್ದೆ.

“ಅಕ್ಕೋರ, ಮೀನೆಲ್ಲಾ ಮ್ಯಾಲೆ ಬಂದು ಬಾಯಿ ತಗದು ನಿಂತಾವ್ರಿ. ನಂಗ ಯಾಕೋ ದಮ್ಮು ಹತ್ತಿದಂಗ ಕಾಣತೈತಿ. ಮ್ಯಾಲಿಂದ ನೀರ ಹೊಡೀಲೇನು?”

“ಕೈಪಿಡಿ ಐತಲ್ಲ, ಅದರಾಗ ಏನ ಬರದೈತಿ ನೋಡ್ರಿ,” ಎಂದೆ.

ಅವರು ಜೇಬಿನಿಂದ ತೆಗೆದು ಓದಿದರು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದುವವರ ದನಿ ನನಗೆ ಗೊತ್ತು. “ಹ-ಸಿ-ವಿ-ನ ಲಕ್ಷಣ ಅಂತ ಐತ್ರಿ. ಹೆಚ್ಚಿಸ-ತಕ್ಕದ್ದು ಅಂತ ಐತ್ರಿ.”

“ಮತ್ತ ಹಂಗ ಮಾಡ್ರಿ. ಬರದಂಗ ಮಾಡ್ರಿ,” ಎಂದೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಫೋನ್ ಇಟ್ಟೆ.

ಇದು ನಿಮ್ಮ ತನಿಖಾ ವರದಿಯಲ್ಲಿ ಇಲ್ಲ. ಅಹ್ಮದಸಾಬರು ನಿಮ್ಮವರಿಗೆ ಇದನ್ನು ಹೇಳಲಿಲ್ಲ. ನನ್ನ ಹೆಸರು ಬರಬಾರದೆಂದೇ ಅವರು ಬಾಯಿ ಬಿಡಲಿಲ್ಲ. ನಿಮ್ಮವರು ಕೇಳಲೂ ಇಲ್ಲ. ನಾನು ಈಗ ಬರೆದು ಹೇಳುತ್ತಿದ್ದೇನೆ. ಅವರ ಕಣ್ಣಿಗೆ ಉಸಿರಾಟದ ತೊಂದರೆ ಕಂಡಿತ್ತು. ಪಂಪು ಕೈಯಳತೆಯಲ್ಲಿತ್ತು, ಗುಂಡಿ ಒತ್ತಿದ್ದರೆ ಮೇಲಿಂದ ನೀರು ಸುರಿದು ಮೀನುಗಳಿಗೆ ಉಸಿರು ಸಿಗುತ್ತಿತ್ತು. ಅವರು ತಮ್ಮ ಕಣ್ಣನ್ನು ಬಿಟ್ಟು ನಿಮ್ಮ ಸಾಲನ್ನು, ನನ್ನ ಮಾತನ್ನು ನಂಬಿದರು. ಗುರುವಾರ ಎರಡರಷ್ಟು ಹಾಕಿದರು. ಶುಕ್ರವಾರ ಮುಂಜಾನೆ ಬಾಯಿಗಳು ಇನ್ನೂ ಹೆಚ್ಚಾಗಿದ್ದವು, ಮೂರರಷ್ಟು ಹಾಕಿದರು.

ಶನಿವಾರ ದೌಲತಬಿ ಫೋನ್ ಮಾಡಿದರು. “ಅಕ್ಕೋರ, ನೀವು ಬಂದ್ರ ಚಲೋ. ಇವರು ನೀರ ಬಿಟ್ಟು ಮ್ಯಾಲೆ ಬರವಲ್ರು,” ಎಂದರು ಅಷ್ಟೇ. ಯಜಮಾನರ ಬೈಕಿನ ಹಿಂದೆ ಕೂತು ಹೋದೆ. ಕ್ವಾರಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ಮೊದಲು ನನಗೆ ನೀರೇ ಕಾಣಲಿಲ್ಲ. ಬೆಳ್ಳಗೆ ಏನೋ ಹಾಸಿದ ಹಾಗಿತ್ತು. ಅದರ ನಡುವೆ ಟ್ಯೂಬಿನ ತೆಪ್ಪದ ಮೇಲೆ ಅಹ್ಮದಸಾಬರು ಕೂತಿದ್ದರು, ಮಡಿಲಲ್ಲಿ ಕಲಸಿದ ಹಿಟ್ಟಿನ ಬೋಗಾಣಿ ಇತ್ತು. ಅಲ್ಲೊಂದು ಇಲ್ಲೊಂದು ಇನ್ನೂ ಜೀವ ಇದ್ದ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಮುಚ್ಚುತ್ತಿದ್ದವು. ಅದರ ಸಪ್ಪಳ ಕಲ್ಲಿನ ಗೋಡೆಗೆ ಬಡಿದು ಮೇಲಕ್ಕೆ ಬರುತ್ತಿತ್ತು, ನುಚ್ಚು ಕುದಿಯುವಾಗ ಬರುವ ಸಪ್ಪಳದ ಹಾಗೆ. ಮೀನು ಸಾಯುವಾಗ ಸಪ್ಪಳ ಮಾಡುತ್ತದೆ ಎಂದು ನನಗೆ ಅರವತ್ತೆರಡನೆಯ ವಯಸ್ಸಿಗೆ ತಿಳಿಯಿತು.

ಅವರು ತೆಪ್ಪವನ್ನು ದಂಡೆಗೆ ತಂದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಸಿಕೊಳ್ಳಲು ಸಿದ್ಧಳಾಗಿಯೇ ಮೆಟ್ಟಿಲು ಇಳಿದಿದ್ದೆ. ಅವರು ಜೇಬಿನಿಂದ ಒದ್ದೆಯಾದ ಕೈಪಿಡಿ ತೆಗೆದು, ನಾಲ್ಕನೆಯ ಪುಟ ಬಿಚ್ಚಿ, ನನ್ನ ಮುಂದೆ ಹಿಡಿದರು.

“ಅಕ್ಕೋರ, ನೀವೊಮ್ಮೆ ಓದ್ರಿ. ನಾ ಎಲ್ಲೋ ತಪ್ಪ ಓದೇನಿ.”

ನಾನು ಓದಿದೆ. ತಪ್ಪಿರಲಿಲ್ಲ. ಹೇಳಬೇಕಾಗಿದ್ದ ಮಾತನ್ನು ಅಲ್ಲೇ ಹೇಳಬೇಕಾಗಿತ್ತು. ಪುಟ ಮಡಚಿ ಅವರ ಕೈಗೆ ಕೊಟ್ಟು ಮನೆಗೆ ಬಂದುಬಿಟ್ಟೆ. ನನ್ನ ಮೌನವನ್ನು ಅವರು ಹೇಗೆ ತಿಳಿದುಕೊಂಡರು ಎಂಬುದು ಆಮೇಲೆ ತಿಳಿಯಿತು. ತಪ್ಪು ಓದಿದ ವಿದ್ಯಾರ್ಥಿಯನ್ನು ನಾಲ್ಕು ಜನರ ಮುಂದೆ ಅವಮಾನ ಮಾಡಬಾರದೆಂದು ಅಕ್ಕೋರು ಸುಮ್ಮನಾದರು ಎಂದು ತಿಳಿದರು.

ಅಂದಿನಿಂದ ನನಗೆ ಏನಾಗಿದೆ ಎಂಬುದು ನಿಮ್ಮ ಕಚೇರಿಯ ಯಾವ ನಮೂನೆಯಲ್ಲೂ ತುಂಬುವ ಸಂಗತಿಯಲ್ಲ. ಆದರೂ ಹೇಳುತ್ತೇನೆ. ಒಲೆಯ ಮೇಲೆ ನುಚ್ಚು ಇಟ್ಟರೆ ಅದು ಕುದಿಯುವ ಮುನ್ನ ಅಡುಗೆಮನೆ ಬಿಟ್ಟು ಹೊರಗೆ ಬರುತ್ತೇನೆ. ಮುಂಜಾನೆ ಕಣ್ಣು ಬಿಡುವ ಮೊದಲು ಬಾಯಿಗಳು ಕಾಣುತ್ತವೆ. ಸಾಲಾಗಿ ಕೂತು ಮಗ್ಗಿ ಹೇಳುವ ಮಕ್ಕಳ ಬಾಯಿಯ ಹಾಗೆ, ಎಲ್ಲ ಒಟ್ಟಿಗೆ ತೆರೆಯುತ್ತವೆ, ಎಲ್ಲ ಒಟ್ಟಿಗೆ ಮುಚ್ಚುತ್ತವೆ, ದನಿ ಮಾತ್ರ ಇಲ್ಲ. ಅವು ಏನನ್ನೋ ಕೇಳುತ್ತಿವೆ, ನಾನು ಕೂಳು ಹಾಕುತ್ತಿದ್ದೇನೆ. ನಮ್ಮ ಹೊಂಡದ ಮೀನುಗಳು ಈಗಲೂ ಸಂಜೆ ದಂಡೆಗೆ ಬಂದು ಕಾಯುತ್ತವೆ ಎಂದು ಯಜಮಾನರು ಹೇಳುತ್ತಾರೆ. “ನಿನ್ನ ಹಾದಿ ನೋಡತಾವ, ಒಮ್ಮೆರ ಬಾ,” ಎನ್ನುತ್ತಾರೆ. ನಾನು ಹೋಗಿಲ್ಲ. ಅವು ಬಾಯಿ ತೆರೆದರೆ ಅದು ಹಸಿವೋ ಬೇರೆಯೋ ಎಂದು ಹೇಳುವ ಧೈರ್ಯ ನನಗೆ ಉಳಿದಿಲ್ಲ.

ನಿಮ್ಮ ತನಿಖಾ ತಂಡ ಒಂಬತ್ತು ದಿನ ಬಿಟ್ಟು ಬಂತು. ನೀರಿನ ಮಾದರಿ ತೆಗೆದುಕೊಂಡಿತು. ಒಂಬತ್ತು ದಿನದಲ್ಲಿ ಎರಡು ಮಳೆ ಬಿದ್ದು ನೀರು ತಿಳಿಯಾಗಿತ್ತು. ಹಾಗಾಗಿ “ನೀರಿನ ಗುಣಮಟ್ಟ ಸಮಾಧಾನಕರ” ಎಂದು ಬರೆದರು. ನೀರಿಗೆ ಸಮಾಧಾನವಾಗಿದ್ದನ್ನು ಕೇಳಿ ನಮಗೂ ಸಮಾಧಾನವಾಯಿತು. ನೀರು ಸರಿ, ಮಿಶ್ರಣ ಸರಿ, ಕೈಪಿಡಿ ಸರಿ ಎಂದಾದ ಮೇಲೆ ಉಳಿದದ್ದು ಒಬ್ಬ ಮನುಷ್ಯ. ಹಾಗಾಗಿ ಓದಲು ಬಾರದ ತಪ್ಪನ್ನು ಅವರ ತಲೆಗೆ ಕಟ್ಟಿ, ಕ್ವಾರಿಯ ನೀರಿನ ಪರವಾನಗಿ ರದ್ದು ಮಾಡಿದಿರಿ. ಇಂದು ಆ ಅಹ್ಮದಸಾಬರು ಐವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಧೂಳು ಕುಡಿಯುತ್ತಿದ್ದಾರೆ. ನನ್ನ ಮೇಲೆ ಯಾವ ಕ್ರಮವೂ ಇಲ್ಲ. ಬದಲಿಗೆ ಕೈಪಿಡಿಯ ಎರಡನೆಯ ಮುದ್ರಣಕ್ಕೆ ಹೊಸ ಫೋಟೊ ಬೇಕು, ಯಾವಾಗ ಬರೋಣ ಎಂದು ಹೋದ ವಾರ ನಿಮ್ಮ ಕಚೇರಿಯಿಂದ ಫೋನ್ ಬಂತು. ಆ ಸಾಲು ತೆಗೆದಿದ್ದೀರಾ ಎಂದು ಕೇಳಿದೆ. “ಮೇಡಂ, ಪಠ್ಯ ಆಗಲೇ ಅನುಮೋದನೆ ಆಗಿದೆ, ಬದಲಾಯಿಸೋಕೆ ಬರಲ್ಲ,” ಎಂದರು.

ಆ ಫೋನ್ ಬಂದ ಮರುದಿನ ನಾನು ಇಳಕಲ್ಲಿಗೆ ಹೋದೆ. ಅಹ್ಮದಸಾಬರ ಮುಂದೆ ಕೂತು ಎಲ್ಲ ಹೇಳಿದೆ. ಸಂಜೆ ಎಂಬ ಶಬ್ದ ಬಿದ್ದುಹೋದದ್ದು, ಕರಡು ನೋಡಿಯೂ ನಾನು ಬಿಟ್ಟದ್ದು, ನೀವು ಸರಿಯಾಗಿಯೇ ಓದಿದಿರಿ ಎಂಬುದು. ಅವರು ಧೂಳು ಹತ್ತಿದ ರೆಪ್ಪೆ ಒರೆಸಿಕೊಳ್ಳುತ್ತ ಕೇಳಿದರು. ಕೊನೆಗೆ, “ನೀವು ದೊಡ್ಡವರು, ಹಂಗ ಅಂತೀರಿ. ಆದ್ರ ಸರಕಾರದ ಕಾಗದದಾಗ ಹಂಗಿಲ್ಲಲ್ರಿ ಅಕ್ಕೋರ. ಅದರಾಗ ನಂಗ ಓದಾಕ ಬರಾಂಗಿಲ್ಲ ಅಂತನ ಬರದೈತಿ,” ಎಂದರು. ಬರೆದದ್ದು ಸುಳ್ಳು ಹೇಳುವುದಿಲ್ಲ ಎಂದು ಕಲಿಸಿದವಳ ಬಾಯಿಮಾತನ್ನು ಅವರು ಈಗ ಹೇಗೆ ನಂಬಬೇಕು?

ಹೊರಡುವಾಗ ದೌಲತಬಿ ಬಾಗಿಲವರೆಗೆ ಬಂದರು. “ಮನಿಗೆ ಏನರ ಕಾಗದ ಬಂದ್ರ ಈಗ ಮಂದಿ ಕಡೆ ಓದಸ್ತಾರ್ರಿ,” ಎಂದರು. “ಪೇಪರ ಮುಟ್ಟಾಂಗಿಲ್ಲ. ಆ ಆಫೀಸಿನವರು ಪಂಚನಾಮಿ ಮಾಡಿದ್ರಲ್ಲ, ಅವತ್ತ ಸಹಿ ಮಾಡ್ರಿ ಅಂದ್ರು. ಇವರು ಹೆಬ್ಬಟ್ಟ ಒತ್ತಿದ್ರು.”

ಮಾನ್ಯರೇ, ಪಂಚನಾಮೆಯ ಕಡತ ನಿಮ್ಮ ಬಳಿ ಇದೆ. ಕೊನೆಯ ಪುಟ ತೆಗೆದು ನೋಡಿ. ಅಲ್ಲಿ ನೀಲಿ ಮಸಿಯಲ್ಲಿ ಒಂದು ಹೆಬ್ಬೆಟ್ಟಿನ ಗುರುತಿದೆ. ಅದೇ ಕಡತದ ಮೊದಲ ಪುಟದಲ್ಲಿ, ಪರವಾನಗಿಯ ಅರ್ಜಿಯ ಕೆಳಗೆ, ಅಹ್ಮದಸಾಬ ಎಂದು ಐದೂ ಅಕ್ಷರ ಬಿಡಿಬಿಡಿಯಾಗಿ ಬರೆದ ಸಹಿ ಇದೆ. ಎರಡೂ ಒಬ್ಬನೇ ಮನುಷ್ಯನ ಕೈ. ಈ ಎರಡು ಪುಟಗಳ ನಡುವೆ ಏನಾಯಿತು ಎಂದು ನಿಮ್ಮ ತಂಡದಲ್ಲಿ ಒಬ್ಬರಿಗೂ ಕೇಳಬೇಕೆನಿಸಲಿಲ್ಲವೇ? ಸತ್ತ ಮೀನುಗಳ ತೂಕ ಬರೆದುಕೊಂಡಿದ್ದೀರಿ. ಒಬ್ಬ ಮನುಷ್ಯನಿಂದ ಅವನ ಅಕ್ಷರವನ್ನು ಕಿತ್ತುಕೊಂಡದ್ದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ಇನ್ನು ನನ್ನ ಬೇಡಿಕೆ. ಈ ಮಳೆಗಾಲದಲ್ಲಿ ಬಾದಾಮಿ, ಹುನಗುಂದ, ಬಾಗಲಕೋಟೆ ಸೀಮೆಯ ಹೊಂಡಗಳಿಗೆಲ್ಲ ಮರಿ ಬಿಡುವ ಮೊದಲು ಕೈಪಿಡಿಯ ಮರುಮುದ್ರಣ ನಿಲ್ಲಿಸಿ. ಮುಂಜಾನೆ ಮೀನು ಬಾಯಿ ತೆರೆದು ಮೇಲೆ ಬಂದರೆ ಕೂಳು ನಿಲ್ಲಿಸಿ ನೀರು ಹೊಡೆಯಿರಿ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ವಾರಕ್ಕೊಂದು ದಿನದ ಉಪವಾಸವನ್ನೂ ಹಾಕಿ. ಸೋಮವಾರ ಎಂದರೆ ನಿಮಗೆ ಮುಜುಗರವಾದರೆ ಮಂಗಳವಾರ ಎನ್ನಿ, ಮೀನುಗಳು ಬೇಸರ ಮಾಡಿಕೊಳ್ಳುವುದಿಲ್ಲ. ನುಗ್ಗೆಯನ್ನೂ ಮೆಂತ್ಯೆಯನ್ನೂ ಬಿಡಬೇಡಿ, ಅವುಗಳ ತಪ್ಪಿಲ್ಲ. ನನ್ನ ಫೋಟೊ ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ಮೊದಲ ಮುದ್ರಣದ ತಪ್ಪು ಸಾಲನ್ನು ಈಕೆ ಕರಡಿನಲ್ಲೇ ಓದಿದ್ದಳು, ಈಕೆ ತಿದ್ದಲಿಲ್ಲ ಎಂದು ಅದರ ಕೆಳಗೆ ಬರೆಯಿರಿ. ಆ ವರದಿಯನ್ನು ಹಿಂತೆಗೆದುಕೊಂಡು ಪರವಾನಗಿಯನ್ನು ಮರಳಿ ಕೊಡಿ.

ಇದೆಲ್ಲಕ್ಕೆ ಸಮಿತಿ, ಸಭೆ, ಅನುಮೋದನೆ ಬೇಕಾಗಬಹುದು. ಒಂದಕ್ಕೆ ಮಾತ್ರ ಯಾವುದೂ ಬೇಡ. ನಿಮ್ಮ ಕಚೇರಿಯ ಹೆಸರಿರುವ ಹಾಳೆಯ ಮೇಲೆ, ಗುಂಡು ಮುದ್ರೆ ಒತ್ತಿ, ಅಹ್ಮದಸಾಬರ ಹೆಸರಿಗೆ ಎರಡು ಸಾಲು ಬರೆಯಿರಿ. “ತಕ್ಕದ್ದು”, “ಸದರಿ”, “ಮೇಲ್ಕಾಣಿಸಿದ” ಏನೂ ಬೇಡ. ಸಂಜೆಯ ಶಾಲೆಯಲ್ಲಿ ಕಲಿತವರಿಗೆ ಬೆರಳಿಟ್ಟು ಓದಲು ಬರುವಂಥ ಕನ್ನಡದಲ್ಲಿ ಬರೆಯಿರಿ: ನೀವು ಸರಿಯಾಗಿ ಓದಿದ್ದಿರಿ. ನಾವು ತಪ್ಪು ಬರೆದಿದ್ದೆವು.

ಅದನ್ನು ಅಂಚೆಯಲ್ಲಿ ಕಳಿಸಿ. ದೌಲತಬಿ ಅದನ್ನು ಹಿಡಿದುಕೊಂಡು ಓದಿಸಲು ನನ್ನ ಬಳಿ ಬರುತ್ತಾರೆ, ಗೊತ್ತು. ನಾನು ಓದಿ ಹೇಳುವುದಿಲ್ಲ. ಅದನ್ನು ಅಹ್ಮದಸಾಬರೇ ಓದಬೇಕು.

ಇಂತಿ,
ಮೂವತ್ತೊಂದು ವರ್ಷ ಕಂಡವರ ಮಕ್ಕಳ ತಪ್ಪು ತಿದ್ದಿ, ತಿದ್ದಲೇಬೇಕಾಗಿದ್ದ ಒಂದು ಸಾಲನ್ನು ಬಿಟ್ಟವಳು,
ಮಹೇಶ್ವರಿ ಅಮಾತೆಪ್ಪ
ನಿವೃತ್ತ ಕನ್ನಡ ಶಿಕ್ಷಕಿ, ಮರೋಳ